ಸಮುದ್ರದಾಚೆ ಒಂದು ಹರಿಹರದ ಲೇತು

ಹಳೆಯ ಲೇತೊಂದರ ಎರಡು ಭಾಗಗಳ ನಡುವೆ ಉಗುರಗಲದ ಒಂದು ತಗಡಿನ ಚೂರು ಇತ್ತು. ಅದನ್ನು ಕಿತ್ತು ತೆಗೆದದ್ದು ಅಳತೆ ಮಾಡುವ ಮೊದಲೋ ಆಮೇಲೋ, ನಾನು ಆಣೆ ಮಾಡಿ ಹೇಳಲಾರೆ. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆ ಅಳತೆಗೆಂದೇ ನಾನು ಮೊದಲ ಸಲ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಶ್ರೀಲಂಕಾದ ಚಹಾ ಬೆಟ್ಟ ಹತ್ತಿದ್ದೆ. ನನ್ನ ಹತ್ತಿರ ಹದಿನೇಳು ಪುಟ ಚಿತ್ರಗಳಿವೆ, ಫೋನಿನ ತುಂಬ ಫೋಟೋಗಳಿವೆ, ಜೊತೆಗೆ ಬಂದಿದ್ದ ಕೆಂಚಪ್ಪನವರ ಮಾತಿದೆ. ಮೂರೂ ಒಂದನ್ನೊಂದು ಒಪ್ಪುವುದಿಲ್ಲ. ನಾಲ್ಕನೆಯ ಸಾಕ್ಷಿಯಾಗಿ ನನ್ನ ನೆನಪನ್ನು ಕರೆದರೆ, ಅದು ದಿನಕ್ಕೊಬ್ಬರ ಪರ ವಾಲುತ್ತದೆ.

ಹಾಗಾಗಿ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಖಚಿತವಾದದ್ದು ಕಡಿಮೆ.

ಹರಿಹರ

ನಾನಿರುವುದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಭೌತಶಾಸ್ತ್ರ ಓದಿ, ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಒಂದೆಡೆ ಕೂರಲಾಗದೆ ಬಿಟ್ಟೆ. ಈಗ ಯಂತ್ರಗಳ ಚಿತ್ರ ಬರೆಯುತ್ತೇನೆ. ಕೈಪಿಡಿಗಳಲ್ಲಿ ಯಂತ್ರದ ಹೊಟ್ಟೆ ಸೀಳಿ ಒಳಗಿನ ಗೇರುಗಳನ್ನು ತೋರಿಸಿರುತ್ತಾರಲ್ಲ, ಅಂಥವು. ಬರೆಯುವುದು ಕಷ್ಟ ಎಂದು ಜನ ತಿಳಿದಿದ್ದಾರೆ. ಕಷ್ಟ ಅದಲ್ಲ. ಏನನ್ನು ಬರೆಯಬೇಕು ಎಂದು ತಿಳಿಯುವುದು ಕಷ್ಟ. ಪುಸ್ತಕದಲ್ಲಿರುವುದು ಹಿಂದಿನ ಮಾದರಿ. ಶೆಡ್ಡಿನಲ್ಲಿರುವುದು ನಡೆಸುವವನು ತನಗೆ ಬೇಕಾದ ಹಾಗೆ ತಿದ್ದಿಕೊಂಡ ಯಂತ್ರ. ಅವನ ತಲೆಯಲ್ಲಿರುವುದು ಮೂರನೆಯದೇ ಒಂದು.

ಕೆಂಚಪ್ಪನವರ ಶೆಡ್ಡು ಹರಿಹರದಲ್ಲಿ, ಹೊಳೆಯ ಸೇತುವೆಗೆ ಹೋಗುವ ದಾರಿಯ ಪಕ್ಕ. ಅವರ ಲೇತು ಅದೇ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆಯಲ್ಲೇ ಅವರು ಇಂಥ ಲೇತುಗಳನ್ನು ಜೋಡಿಸುವ ಫಿಟ್ಟರ್ ಆಗಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಒಂದನ್ನು ತಂದಿಟ್ಟುಕೊಂಡು ಟ್ರ್ಯಾಕ್ಟರ್ ಪಿನ್ನು, ಅಕ್ಕಿ ಗಿರಣಿಯ ಶಾಫ್ಟು ಎಂದು ಕಡೆಯುತ್ತಿದ್ದರು. ಶೆಡ್ಡು ಬದಲಿಸುವಾಗ ಹಗ್ಗ ಜಾರಿತು. ಲೇತಿನ ಎದೆಯ ಮೇಲೆ ತೂಗುವ ಎರಕದ ಪೆಟ್ಟಿಗೆಯೊಂದಿರುತ್ತದೆ, ಕೈಚಕ್ರ ತಿರುಗಿಸಿದರೆ ಕಡೆಯುವ ಉಳಿ ಹೊತ್ತ ಗಾಡಿಯನ್ನು ಸರಿಸುವುದು ಅದೇ. ಅದರ ಬಲ ಮೂಲೆ ಒಳಗಿನ ಗೇರಿನ ಸಮೇತ ಚೂರಾಯಿತು. ಚೂರುಗಳು ಕಸದೊಂದಿಗೆ ಹೋದವು.

ಹೊಸ ಪೆಟ್ಟಿಗೆ ಎರಕ ಹೊಯ್ಯಿಸಬಹುದಿತ್ತು. ಎರಕಕ್ಕೆ ಮರದ ಅಚ್ಚು ಮಾಡುವ ಇಸ್ಮಾಯಿಲ್ ಸಾಬರು ಒಂದೇ ಮಾತು ಹೇಳಿದರು. "ನಕ್ಷೆ ತರ್ರಿ, ಅಚ್ಚು ಕೊಡ್ತೀನಿ. ಅಂದಾಜಿಗೆ ಮಾಡಾಕೆ ಇದೇನು ಹಲ್ವಾ ಅಲ್ಲ." ಕಾರ್ಖಾನೆಯ ನಕ್ಷೆಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿರಲಿಲ್ಲ. ಬೇಕಾಗಿದ್ದದ್ದು ಮುಖ್ಯವಾಗಿ ಒಂದು ಅಳತೆ. ಪೆಟ್ಟಿಗೆಯ ಮೇಲಂಚಿನಿಂದ ಕೈಚಕ್ರದ ತೂತಿಗೆ ಎಷ್ಟು ದೂರ? ಕೂದಲೆಳೆ ಹೆಚ್ಚಾದರೆ ಗೇರಿನ ಹಲ್ಲು ಜಾರುತ್ತದೆ, ಕಡಿಮೆಯಾದರೆ ಕಚ್ಚುತ್ತದೆ.

ನಕ್ಷೆ ಬರೆಯಲು ನನ್ನನ್ನು ಕರೆಸಿದರು. ಮೂರು ದಿನ ನಾನು ಕೆಂಚಪ್ಪನವರ ಮುಂದೆ ಹಾಳೆ ಹಿಡಿದು ಕೂತೆ.

"ಇಲ್ಲೇ ಇತ್ತು ತೂತು, ಹಿಂಗೆ," ಎಂದು ಗಾಳಿಗೆ ಬೆರಳು ಚುಚ್ಚಿದರು.

"ನಿನ್ನೆ ಅರ್ಧ ಬೆರಳು ಕೆಳಗೆ ತೋರಿಸಿದ್ರಿ."

"ನಿನ್ನೆ ಕುಂತು ಹೇಳಿದ್ದೆ, ಇವತ್ತು ನಿಂತೀನಿ."

ಅವರ ಹೆಂಡತಿ ನಾಗಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಅಷ್ಟು ವರ್ಷ ಅದರ ಹೊಟ್ಟೆಗೆ ಕೈ ಹಾಕ್ಯಾರೆ, ತೂತು ಎಲ್ಲೈತೆ ಅಂತ ಗೊತ್ತಿಲ್ಲ. ನನ್ನ ಮುಖ ಆದ್ರೂ ನೆನಪೈತಾ, ಕೇಳ್ರಿ ಸರ್." ಆಮೇಲೆ ಗಂಡನಿಗೆ ನೇರವಾಗಿ ಹೇಳಿದರು. "ಗುಜರಿಯವನು ಸೋಮವಾರ ಸೋಮವಾರ ಬಂದು ಎತ್ತಿನ ಬೆನ್ನು ತಟ್ಟಿದಂಗೆ ತಟ್ಟಿ ನೋಡಿ ಹೋಗ್ತಾನೆ. ಈ ಸಲ ಆಯುಧಪೂಜೆ ಹೊತ್ತಿಗೆ ತಿರುಗಿದ್ರೆ ನಾನೇ ಹೂ ಏರಿಸ್ತೀನಿ. ಇಲ್ಲಾಂದ್ರೆ ಅವನ ಗಾಡಿಗೆ ಏರಿಸ್ರಿ."

ಕೆಂಚಪ್ಪನವರು ಲೇತಿನ ಧೂಳು ಒರೆಸತೊಡಗಿದರು. ಲೇತು ಹೋದರೆ ಬೆಳಿಗ್ಗೆ ಎದ್ದು ಹೋಗಲು ಅವರಿಗೆ ಜಾಗವಿರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ನಾಗಮ್ಮ ಹಳದಿ ಬಣ್ಣದ ಹಳೇ ನಶ್ಯದ ಡಬ್ಬಿಯಿಂದ ಎರಡು ಲವಂಗ ತೆಗೆದು ನನ್ನ ಕೈಗೆ ಹಾಕಿದರು. ಬಾಯಿಗೆ ಹಾಕಿಕೊಂಡು ಸೀನಿದೆ. ಡಬ್ಬಿ ಇನ್ನೂ ತನ್ನ ಹಳೇ ಕೆಲಸ ಮರೆತಿರಲಿಲ್ಲ.

ಆ ವಾರವೇ ಆ ಫೋಟೋ ಬಂತು. ನನ್ನ ಜೊತೆ ಓದಿದ ಗೆಳೆಯನೊಬ್ಬ ಶ್ರೀಲಂಕಾದ ಒಂದು ಚಹಾ ಕಾರ್ಖಾನೆಗೆ ಎಲೆ ಒಣಗಿಸುವ ಯಂತ್ರ ಕೂರಿಸಲು ಹೋಗಿದ್ದ. ಅಲ್ಲಿನ ರಿಪೇರಿ ಕೋಣೆಯಲ್ಲಿ ಒಂದು ಲೇತು, ಅದರ ಕಾಲಿನ ಮೇಲೆ ಎರಕದಲ್ಲೇ ಮೂಡಿದ ಇಂಗ್ಲಿಷ್ ಅಕ್ಷರಗಳಲ್ಲಿ ಹರಿಹರ. ಅದರ ಮುಂದೆ ನಿಂತು ನಗುತ್ತಿದ್ದ. ನಮಗೆ ಬೇಕಾದ ಮೂಲೆಗೆ ಸರಿಯಾಗಿ ಅವನ ಹೊಟ್ಟೆ ಅಡ್ಡವಾಗಿತ್ತು. ಇನ್ನೊಂದು ಫೋಟೋ ಕೇಳುವಷ್ಟರಲ್ಲಿ ಅವನು ಊರಿಗೆ ಮರಳಿದ್ದ. ಅಲ್ಲಿಯವರು ದೊಡ್ಡ ಮನಸ್ಸಿನಿಂದ ಹನ್ನೊಂದು ಫೋಟೋ ಕಳಿಸಿದರು, ಎಲ್ಲವೂ ಕಾಲಿನ ಮೇಲಿನ ಅಕ್ಷರದವು.

"ಹೋಗೇ ನೋಡಬೇಕು," ಎಂದೆ. ನನಗೆ ಹೊರಡಲು ಒಂದು ನೆಪ ಸಿಕ್ಕರೆ ಸಾಕಿತ್ತು.

"ನಾನೂ ಬರ್ತೀನಿ," ಎಂದರು ಕೆಂಚಪ್ಪನವರು. "ನೀವು ಬರೆದಿದ್ದು ಸರಿ ಐತೋ ಇಲ್ಲೋ ನೋಡಾಕೆ ಒಬ್ಬರು ಬೇಕಲ್ಲ."

ತಪಾಸಣೆಯ ಮೇಜು

ನನ್ನ ಸೂಕ್ಷ್ಮ ಅಳತೆಯ ಕ್ಯಾಲಿಪರನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಕಳೆದುಹೋದೀತೆಂದು ಹೆಗಲ ಚೀಲದಲ್ಲಿ ಇಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದ ಹುಡುಗಿ ಅದರ ಎರಡು ಚೂಪು ಕೊಕ್ಕುಗಳನ್ನು ಬಿಡಿಸಿ ಮುಚ್ಚಿ ನೋಡಿ ಪಕ್ಕದ ಡಬ್ಬಕ್ಕೆ ಹಾಕಿದಳು. ಇದು ಅಳತೆಯ ಸಾಧನ ಎಂದೆ. ನಗುತ್ತಲೇ, "ಇರಬಹುದು ಸರ್," ಎಂದಳು. ನಾನು ಬದುಕಿಡೀ ಹೇಳುತ್ತ ಬಂದ 'ಇರಬಹುದು' ಎಂಬ ಮಾತನ್ನು ಬೇರೆಯವರ ಬಾಯಲ್ಲಿ ಕೇಳುವುದು ಸುಖವಲ್ಲ.

ಹಿಂದೆ ಕೆಂಚಪ್ಪನವರ ಸರದಿ. ಅವರ ಚೀಲದಲ್ಲಿ ಮಂಡಕ್ಕಿಯ ಗಂಟು, ಒಂದು ಪಂಚೆ, ಮತ್ತು ಕಸಬರಿಗೆಯಿಂದ ಕಿತ್ತ ಒಂದು ಹಿಡಿ ತೆಂಗಿನ ಕಡ್ಡಿ. ಹುಡುಗಿ ಕಡ್ಡಿ ಎತ್ತಿ ಹಿಡಿದು ಇದೇನೆಂದು ಕೇಳಿದಳು.

"ಹಲ್ಲಿಗವ್ವಾ," ಎಂದರು. ಬಿಟ್ಟಳು.

ಅದು ಹಲ್ಲಿಗಲ್ಲ. ಅವರ ಪೀಳಿಗೆಯ ಫಿಟ್ಟರುಗಳಲ್ಲಿ ಕೆಲವರು ಅಳತೆಯನ್ನು ಅಂಕಿಯಲ್ಲಿ ಹೇಳುವುದಿಲ್ಲ. ಕಡ್ಡಿಯನ್ನು ಜಾಗಕ್ಕೆ ಹಿಡಿದು ಉಗುರಿಂದ ಗುರುತು ಮಾಡಿ ಕತ್ತರಿಸುತ್ತಾರೆ. ಆ ತುಂಡೇ ಅಳತೆ. "ನಂಬರ್ ಬರ್ಕೊಂಡ್ರೆ ಮೂರು ಎಂಟಾಗಿ ಕಾಣ್ತೈತೆ. ಕಡ್ಡಿ ಯಾವತ್ತು ನೋಡಿದ್ರೂ ಅಷ್ಟೇ ಉದ್ದ," ಎಂಬುದು ಅವರ ವಾದ. ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಉತ್ತರ ನನಗೆ ಕಲಿಸಿರಲಿಲ್ಲ.

"ಉಕ್ಕಿಂದು ಹೋತು, ಕಸಬರಿಗೆ ಉಳೀತು," ಎಂದು ವಿಮಾನ ಏರುವವರೆಗೂ ಅವರು ಖುಷಿಯಲ್ಲಿದ್ದರು. ಏರಿದ ಮೇಲೆ ಕಿಟಕಿಯಿಂದ ಕೆಳಗೆ ನೋಡದೆ ರೆಕ್ಕೆಯ ಮೊಳೆಗಳನ್ನು ಎಣಿಸಿದರು.

ಬೆಟ್ಟದ ರೈಲು

ಕೊಲಂಬೊದಿಂದ ಬೆಟ್ಟಕ್ಕೆ ಹೋಗುವ ರೈಲಿನಲ್ಲಿ ಜನ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ನಮ್ಮಲ್ಲಿಯಂತೆಯೇ. ಆದರೆ ಜಾಗ ಬಿಡಿ ಎಂದು ಯಾರೂ ಕೂಗುವುದಿಲ್ಲ. ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಾರೆ, ಕೂತವರೇ ನಾಚಿ ಸರಿಯಬೇಕು. ಕೆಂಚಪ್ಪನವರಿಗೆ ಇದು ತಿಳಿಯದೆ ಎದುರು ನಿಂತ ಹೆಂಗಸಿಗೆ, "ಏನು ಬೇಕವ್ವಾ?" ಎಂದು ಕನ್ನಡದಲ್ಲೇ ಕೇಳಿದರು. ಆಕೆಗೆ ಬೇಕಾಗಿದ್ದದ್ದು ಅವರ ಚೀಲ ಕೂತಿದ್ದ ಸೀಟು.

ಬುಟ್ಟಿ ಹೊತ್ತವನೊಬ್ಬ ವಡೆ ಮಾರುತ್ತ ಬಂದ. ವಡೆ ಕಂಡು ಕೆಂಚಪ್ಪನವರ ಮುಖ ಅರಳಿತು. ಕಾಗದದಲ್ಲಿ ಎರಡು ಇಸಿದುಕೊಂಡು, ಬಾಯಿಯವರೆಗೆ ಒಯ್ದು, ನಿಲ್ಲಿಸಿದರು.

"ಸರ್. ಇದರ ಮ್ಯಾಲೆ ಏನೋ ಕುಂತೈತೆ."

ಸಿಗಡಿ. ಮೀಸೆಯ ಸಮೇತ, ಹಿಟ್ಟಿನಲ್ಲಿ ಅರ್ಧ ಮುಳುಗಿ. ಮಾಂಸ ಮುಟ್ಟದ ಕೆಂಚಪ್ಪನವರು ವಡೆಯನ್ನು ಎಳೇ ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ನನಗೆ ದಾಟಿಸಿದರು. "ನನ್ನನ್ನೇ ನೋಡ್ತೈತ್ರಿ ಅದು." ಎದುರಿನ ಹೆಂಗಸು ಸೆರಗಿನೊಳಗೆ ನಕ್ಕಳು. ಮಂಡಕ್ಕಿಯ ಗಂಟು ಬಿಚ್ಚಿ ಆಕೆಗೂ ಕೊಟ್ಟೆವು. ಖಾರ ಹತ್ತಿ ಆಕೆ ಕಣ್ಣೊರೆಸಿಕೊಂಡು ಮತ್ತೆ ಕೈ ನೀಡಿದಳು. ಆಕೆ ಶಾಲೆಯ ಮೇಡಂ ಎಂದು ನನ್ನ ನೆನಪು. ನರ್ಸು ಎಂದು ಕೆಂಚಪ್ಪನವರ ನೆನಪು. ಸೀರೆ ಬಿಳಿಯದಾಗಿತ್ತು ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತವಿದೆ. ಅದು ಯಾವುದನ್ನೂ ತೀರ್ಮಾನಿಸುವುದಿಲ್ಲ.

ರಿಪೇರಿ ಕೋಣೆ

ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವ ಸೆಲ್ವರಾಜ್ ಅಲ್ಲಿಯೇ ಹುಟ್ಟಿ ಬೆಳೆದ ತಮಿಳರು, ಕೆಂಚಪ್ಪನವರಿಗಿಂತ ಹತ್ತು ವರ್ಷ ಚಿಕ್ಕವರು. ಮೊದಲು ಚಹಾ ಕೊಟ್ಟರು, ಹಾಲಿಲ್ಲ, ಸಕ್ಕರೆಯಿಲ್ಲ. ಅಂಗೈಯಲ್ಲಿ ಒಂದು ತುಂಡು ಬೆಲ್ಲ. ಬೆಲ್ಲ ಕಚ್ಚಬೇಕು, ಚಹಾ ಹೀರಬೇಕು. ಕೆಂಚಪ್ಪನವರು ಬೆಲ್ಲವನ್ನು ಲೋಟಕ್ಕೇ ಹಾಕಿ ಬೆರಳಿಂದ ತಿರುವಿದರು. ಸೆಲ್ವರಾಜ್ ಮುಖ ತಿರುಗಿಸಿಕೊಂಡ ರೀತಿಗೆ, ಬೆಣ್ಣೆದೋಸೆಗೆ ಯಾರಾದರೂ ಸಕ್ಕರೆ ಉದುರಿಸಿದರೆ ನಾವು ತಿರುಗಿಸಿಕೊಳ್ಳುವುದು ನೆನಪಾಯಿತು.

ಆದರೆ ಲೇತಿನ ಮುಂದೆ ಹೋಗಿ ನಿಂತ ಮೇಲೆ ಇಬ್ಬರಿಗೂ ಭಾಷೆ ಬೇಕಾಗಲಿಲ್ಲ. ಚಕ್, ಗೇರ್, ಬೇರಿಂಗ್, ಆಯಿಲ್. ಇಷ್ಟರಲ್ಲೇ ಅವರು ಸಂಸಾರದ ವಿಷಯವನ್ನೂ ಮಾತಾಡಿದರೆಂದು ನನ್ನ ಗುಮಾನಿ. ಕೆಂಚಪ್ಪನವರು ಚಪ್ಪಲಿ ಬಿಟ್ಟು, ಲೇತಿನ ಕಾಲಿನ ಮೇಲಿನ ಹರಿಹರ ಎಂಬ ಅಕ್ಷರಗಳನ್ನು ಹೆಬ್ಬೆರಳಿಂದ ಒಂದೊಂದಾಗಿ ಮುಟ್ಟಿದರು.

"ಇಷ್ಟು ದೂರ ಹೆಂಗೆ ಬಂದ್ಯೋ ಮಾರಾಯ," ಎಂದರು.

ಯಂತ್ರದ ಹಿತ್ತಾಳೆ ಫಲಕದಲ್ಲಿ ಮಾದರಿಯ ವಿವರ ಓದಬಹುದೆಂದು ನಾನು ಆಸೆಪಟ್ಟಿದ್ದೆ. ಹರಿಹರದ ಲೇತಿನ ಫಲಕ ವರ್ಷ ವರ್ಷದ ಆಯುಧಪೂಜೆಯ ಅರಿಸಿನ ಕುಂಕುಮ ಕೂತು ಕಲ್ಲಾಗಿತ್ತು. ಇಲ್ಲಿಯದೂ ಹಾಗೇ ಇತ್ತು. ಸಮುದ್ರ ದಾಟಿ ಬಂದು ನಾನು ಅದೇ ಕುಂಕುಮವನ್ನು ನೋಡಿದೆ.

ಲೇತು ಗೋಡೆಗೆ ಒತ್ತಿಕೊಂಡಿತ್ತು. ಪೆಟ್ಟಿಗೆಯ ಮೇಲಂಚು ಗಾಡಿಯ ಅಡಿಗೆ ಸಿಕ್ಕಿ ಕಾಣುತ್ತಿರಲಿಲ್ಲ. ಹಾಗಾಗಿ ಗಾಡಿಯಂಚಿನಿಂದ ತೂತಿಗೆ ಅಳೆಯಬೇಕಿತ್ತು. ನನ್ನಲ್ಲಿ ಉಳಿದದ್ದು ಸುರುಳಿ ಟೇಪು ಮಾತ್ರ. ಅದರ ತುದಿಯ ಕೊಕ್ಕೆ ಅಲುಗಾಡುತ್ತಿತ್ತು. ನಾನು ಚಿತ್ರ ಬರೆಯತೊಡಗಿದೆ. ಮೊದಲ ಪುಟ ತುಂಬುವಷ್ಟರಲ್ಲಿ ಮ್ಯಾನೇಜರು ಕರೆದರು. ಹೊರಗಿನಿಂದ ಬಂದವರು ಚಹಾದ ರುಚಿ ನೋಡದೆ ಹೋಗುವಂತಿಲ್ಲವಂತೆ. ಉದ್ದ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಚಮಚದಿಂದ ಸದ್ದು ಮಾಡಿ ಹೀರಿ, ಉಗುಳಿ, ಏನನ್ನಿಸಿತು ಎಂದು ಹೇಳಬೇಕು. ಎಲ್ಲವೂ ಚಹಾದಂತೆ ಅನ್ನಿಸಿತು. ಅರ್ಧ ಗಂಟೆ ಹೀಗೆ ಉಗುಳಿ ನಾನು ಮರಳಿ ಬಂದಾಗ ಕೆಂಚಪ್ಪನವರ ಎರಡೂ ಕೈ ಮೊಣಕೈವರೆಗೆ ಎಣ್ಣೆಯಾಗಿತ್ತು. ಸೆಲ್ವರಾಜ್ ಟಾರ್ಚು ಹಿಡಿದಿದ್ದರು. ಬೋಲ್ಟುಗಳನ್ನು ಬಿಚ್ಚಿ ಮತ್ತೆ ಬಿಗಿದಾಗಿತ್ತು.

"ಏನು ಮಾಡಿದ್ರಿ?"

"ಯಾವನೋ ಪೆಟ್ಟಿಗೆಗೂ ಗಾಡಿಗೂ ನಡುವೆ ತಗಡು ತುರುಕಿದ್ದ. ಕಿತ್ತು ಹಾಕಿದೆ." ಮಡಚಿದ ಕಪ್ಪು ಚೂರೊಂದನ್ನು ತೋರಿಸಿದರು. "ನಾವು ಕೂರಿಸಿದ ಮಿಷಿನ್ನಿಗೆ ತಗಡು ಹಾಕಂಗೇ ಇರಲಿಲ್ಲ. ತಗಡು ಹಾಕೋದು ಕೆಲಸ ಬರದೋರು."

"ಕೆಂಚಪ್ಪನೋರೇ, ನಾವು ಇದನ್ನ ಹೆಂಗಿದೆಯೋ ಹಂಗೆ ನೋಡೋಕೆ ಬಂದಿದ್ದು."

"ಹೆಂಗಿರಬೇಕೋ ಹಂಗೆ ಮಾಡೀನಿ. ಈಗ ನೋಡ್ರಿ."

ನಾನು ಎಷ್ಟೋ ಯಂತ್ರಗಳ ಮುಂದೆ ಕೂತಿದ್ದೇನೆ. ಎದುರಿಗೆ ಇರುವ ವಸ್ತುವೇ ನೆನಪಿಗೆ ತಕ್ಕಂತೆ ತಿದ್ದಿಸಿಕೊಂಡು ಕಾದಿದ್ದು ಅದೇ ಮೊದಲು. ತಗಡು ತನಗಿಂತ ಹಿಂದಿನವರ ಕಾಲದಿಂದ ಇತ್ತೆಂದು ಸೆಲ್ವರಾಜ್ ಹೇಳಿದರು. ಆದರೆ ಅವರಿಗೆ ಸಿಟ್ಟಿರಲಿಲ್ಲ. ಹುಟ್ಟಿದ ಊರಿನ ಡಾಕ್ಟರೇ ಬಂದು ನೋಡಿದ ಮೇಲೆ ನಮ್ಮದೇನು ಎಂಬಂತಿದ್ದರು.

ಕೆಂಚಪ್ಪನವರು ಒಂದು ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ನನ್ನ ಜೇಬಿಗೆ ಇಟ್ಟರು. "ತೂತಿನ ಅಳತೆ. ಜ್ವಾಪಾನ."

ಮತ್ತೆ ಹರಿಹರ

ಇಸ್ಮಾಯಿಲ್ ಸಾಬರು ನನ್ನ ನಕ್ಷೆಯನ್ನು ಬೆಳಕಿಗೆ ಹಿಡಿದು, ಕಡ್ಡಿಯನ್ನು ಅದರ ಮೇಲಿಟ್ಟು, ತಗಡಿನ ಕಥೆ ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಈ ಕಡ್ಡಿ ತಗಡು ಇದ್ದಾಗ ಮುರಿದಿದ್ದೋ, ಕಿತ್ತ ಮ್ಯಾಲೆ ಮುರಿದಿದ್ದೋ?"

ನಾನು, "ಇದ್ದಾಗ," ಎಂದೆ. ಕೆಂಚಪ್ಪನವರು, "ಕಿತ್ತ ಮ್ಯಾಲೆ," ಎಂದರು. ಒಟ್ಟಿಗೇ ಹೇಳಿದೆವು.

ತಗಡು ನಡುವೆ ಇದ್ದಾಗ ಮುರಿದದ್ದಾದರೆ ಕಡ್ಡಿ ತಗಡಿನ ದಪ್ಪದಷ್ಟು ಉದ್ದ. ಅಷ್ಟನ್ನು ಕಳೆದು ಅಚ್ಚು ಮಾಡಬೇಕು. ಅಲ್ಲವಾದರೆ ಕಳೆಯಬಾರದು.

ನನ್ನ ನೆನಪು ಸ್ಪಷ್ಟವಾಗಿತ್ತು. ಮ್ಯಾನೇಜರು ಕರೆಯುವ ಮುಂಚೆ, ಕೆಂಚಪ್ಪನವರು ಕಡ್ಡಿಯನ್ನು ಉಗುರಿಂದ ಗೀರಿ, ಬ್ಲೇಡಿನಿಂದ ಕತ್ತರಿಸಿ, ಉಳಿದ ತುಂಡನ್ನು ಕಿವಿಗೆ ಸಿಕ್ಕಿಸಿಕೊಂಡದ್ದು ಕಣ್ಣಿಗೆ ಕಟ್ಟಿದಂತಿತ್ತು. "ನೀವಾಗ ಅಲ್ಲಿ ಇರಲೇ ಇಲ್ಲ ಸರ್, ಚಾ ಉಗುಳಾಕೆ ಹೋಗಿದ್ರಿ," ಎಂದರು ಅವರು. ಫೋಟೋ ತೆರೆದೆವು. ಮೊದಲಿನವುಗಳಲ್ಲಿ ಫ್ಲ್ಯಾಶಿನ ಬೆಳಕು ಸರಿಯಾಗಿ ಪೆಟ್ಟಿಗೆ ಗಾಡಿಗಳ ನಡುವಿನ ಸಂದಿಗೇ ಬಿದ್ದು ಬಿಳಿಯಾಗಿತ್ತು. ನನ್ನ ಮೊದಲ ಪುಟದಲ್ಲಿ ಸಂದಿಯಲ್ಲಿ ಎರಡು ಗೆರೆಗಳಿದ್ದವು. ಅದು ತಗಡಿರಬಹುದು. ಆದರೆ ಅಡಿಯಂಚಿಗೆ ನೆರಳಿಗೆಂದು ಇನ್ನೊಂದು ಗೆರೆ ಎಳೆಯುವುದು ನನ್ನ ಹಳೇ ಅಭ್ಯಾಸ.

ಸೆಲ್ವರಾಜ್‌ಗೆ ಫೋನು ಮಾಡಿದೆ. ಕೆಂಚಪ್ಪನವರು ಬಿಟ್ಟುಬಂದ ಹಾಗೆಯೇ ಇದೆ, ತಗಡು ಹಾಕಿಲ್ಲ ಎಂದರು. ಅಳೆದು ಹೇಳಿ ಎಂದೆ. ಟೇಪು ಹಿಡಿದು, "ಹನ್ನೊಂದು ಸೆಂಟಿಮೀಟರ್, ಮತ್ತೆ ಸ್ವಲ್ಪ," ಎಂದರು. ನಾವು ಕಿತ್ತಾಡುತ್ತಿದ್ದದ್ದೇ ಆ ಸ್ವಲ್ಪದ ಬಗ್ಗೆ.

"ಟೇಪು ಬ್ಯಾಡ ಅನ್ರಿ," ಎಂದು ಕೆಂಚಪ್ಪನವರು ಫೋನು ಕಸಿದುಕೊಂಡರು. "ಸೆಲ್ವಣ್ಣಾ, ಕಸಬರಿಗೆ! ಕಡ್ಡಿ! ಕಟ್! ಪೋಸ್ಟ್!"

ಆ ಕಡೆಯಿಂದ ನಗು. ಅರ್ಥವಾಗಿತ್ತು.

ಲಕೋಟೆ

ಲಕೋಟೆ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಅಷ್ಟರಲ್ಲಿ ಗುಜರಿಯವನು ಮೂರು ಸೋಮವಾರ ಬಂದುಹೋಗಿದ್ದ, ಕೊನೆಯ ಸಲ ಹಗ್ಗವನ್ನೂ ತಂದಿದ್ದ. ಆಯುಧಪೂಜೆಗೆ ಇನ್ನು ಮೂರೇ ವಾರ ಉಳಿದಿತ್ತು. ಲಕೋಟೆಯೊಳಗೆ ಎರಡು ರಟ್ಟಿನ ನಡುವೆ ಒಂದು ತೆಂಗಿನ ಕಡ್ಡಿ, ಜೊತೆಗೆ ಆ ಮಡಚಿದ ತಗಡು. ತಗಡಿನ ದಪ್ಪ ಎಷ್ಟೆಂದು ನಾನು ಕೇಳಿದ್ದಕ್ಕೆ ಸೆಲ್ವರಾಜ್ ಅದನ್ನೇ ಕಳಿಸಿದ್ದರು.

ಇಸ್ಮಾಯಿಲ್ ಸಾಬರ ಮೇಜಿನ ಗಾಜಿನ ಮೇಲೆ ಎರಡು ಕಡ್ಡಿಗಳನ್ನು ಜೊತೆಗಿಟ್ಟೆವು. ಮೂವರೂ ಉಗುರು ಎಳೆದು ನೋಡಿದೆವು. ಒಂದೇ ಉದ್ದ. ಅಂದರೆ ಕೆಂಚಪ್ಪನವರು ಕಡ್ಡಿ ಮುರಿದದ್ದು ತಗಡು ಕಿತ್ತ ಮೇಲೆ, ನಾನು ಬಟ್ಟಲುಗಳ ಮುಂದೆ ನಿಂತಿದ್ದಾಗ. ನಾನಿಲ್ಲದ ಕೋಣೆಯಲ್ಲಿ ನಡೆದದ್ದನ್ನು ಕಿವಿಗೆ ಸಿಕ್ಕಿಸಿದ ತುಂಡಿನ ಸಮೇತ ನಾನು ಕಂಡಿದ್ದೇನೆ, ಈಗಲೂ ಕಾಣುತ್ತೇನೆ. ಎರಡು ಕಡ್ಡಿಯೂ ತಪ್ಪಾಗಿ ಒಂದೇ ಉದ್ದ ಇರಬಹುದಲ್ಲ ಎಂದು ಹೇಳಹೊರಟೆ. ಇಸ್ಮಾಯಿಲ್ ಸಾಬರು, "ಸಾಕು ಬಿಡ್ರಿ ಮೇಷ್ಟ್ರೇ," ಎಂದು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಮರ ತೆಗೆದುಕೊಂಡರು.

ಅಚ್ಚಾಯಿತು, ಎರಕವಾಯಿತು, ಗೇರು ದಾವಣಗೆರೆಯಲ್ಲಿ ಕಡೆಸಿದ್ದಾಯಿತು. ಹಬ್ಬದ ಹಿಂದಿನ ದಿನ ಪೆಟ್ಟಿಗೆ ಕೂರಿಸಿ ಕೈಚಕ್ರ ತಿರುಗಿಸಿದರೆ, ಹಲ್ಲು ಕಚ್ಚಿಕೊಂಡು ನಿಂತಿತು. ಕೆಂಚಪ್ಪನವರು ಮತ್ತೆ ತಿರುಗಿಸಿದರು. ನಿಂತಿತು. ಬಾಗಿಲ ಹತ್ತಿರ ನಾಗಮ್ಮ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು.

"ಸರ್, ಒಂಚೂರು ಚಾ ಹೇಳಿ ಬರ್ರಿ," ಎಂದರು ಕೆಂಚಪ್ಪನವರು.

ಚಹಾ ಹೇಳಿ ಬಂದೆ. ಚಕ್ರ ಒಂದು ಬೆರಳಿಗೆ ತಿರುಗುತ್ತಿತ್ತು. ಬೆಂಚಿನ ಮೇಲಿದ್ದ ತಗಡು ಇರಲಿಲ್ಲ.

"ತಗಡು ಎಲ್ಲಿ?"

"ಯಾವ ತಗಡು?" ಎಂದು ಅವರು ಎಣ್ಣೆ ಡಬ್ಬಿಗೆ ಕೈ ಹಾಕಿದರು.

ಮರುದಿನ ನಾಗಮ್ಮ ಲೇತಿಗೆ ಸೇವಂತಿಗೆ ಏರಿಸಿದರು. ಸೋಮವಾರ ಬಂದ ಗುಜರಿಯವನಿಗೆ ಚಹಾ ಕೊಟ್ಟು ಕಳಿಸಿದರು. ನನಗೆ ಮತ್ತೆ ಆ ಹಳದಿ ಡಬ್ಬಿಯಿಂದ ಲವಂಗ ಕೊಡುತ್ತ, "ಫ್ಯಾಕ್ಟರಿಗೆ ಹೋಗೋವಾಗ ವಾರಕ್ಕೊಂದು ಡಬ್ಬಿ ನಶ್ಯ ಏರಿಸ್ತಿದ್ರು," ಎಂದರು. "ಖಾಲಿ ಡಬ್ಬಿ ಮನೆಗೆ ತರ್ರಿ, ಸಾಸಿವೆ ಜೀರಿಗೆಗೆ ಆಗ್ತವೆ ಅಂದ್ರೆ, ಇದೊಂದು ಬಿಟ್ಟು ಇನ್ನೊಂದು ತರಲಿಲ್ಲ. ಅಲ್ಲಿ ಏನು ಮಾಡ್ತಿದ್ರೋ."

ಹೊರಗೆ ಲೇತು ಓಡುತ್ತಿತ್ತು.

ಶ್ರೀಲಂಕಾದಿಂದ ಬಂದ ಮೇಲೆ ಏನು ಕಂಡರೂ ಎರಡು ಬದಿಯಿಂದ ಫೋಟೋ ತೆಗೆದುಕೊಳ್ಳುವ ಅಭ್ಯಾಸ ನನಗಾಗಿತ್ತು. ಲಕೋಟೆ ಬಂದ ದಿನ ತಗಡಿನ ಮಡಿಕೆಯನ್ನು ಬಿಡಿಸಿ ಒಳಬದಿಯನ್ನೂ ತೆಗೆದಿದ್ದೆ. ಎಣ್ಣೆ ಒಳಗೆ ಅಷ್ಟಾಗಿ ಇಳಿದಿರಲಿಲ್ಲ. ಫೋನು ತೆರೆದು ಆ ಫೋಟೋವನ್ನು ದೊಡ್ಡದು ಮಾಡಿ ನಾಗಮ್ಮನ ಡಬ್ಬಿಯ ಪಕ್ಕ ಹಿಡಿದೆ. ಹರಿಹರದಲ್ಲಿ ಆಗ ನಶ್ಯ ಏರಿಸುತ್ತಿದ್ದವರು ಎಷ್ಟು ಜನವೋ ನನಗೆ ಗೊತ್ತಿಲ್ಲ. ತಗಡನ್ನು ಮಡಚಿ ತುರುಕಿದ ಕೈ ಯಾರದು ಎಂದು ನಾನು ಹೇಳುವುದಿಲ್ಲ. ಪರೀಕ್ಷಿಸಿ ಖಚಿತ ಮಾಡಿಕೊಂಡದ್ದು ಇಷ್ಟೇ: ತಗಡಿಗೂ ಡಬ್ಬಿಗೂ ಹಳದಿ ಬಣ್ಣ ಒಂದೇ, ಅಂಚಿನ ಕೆಂಪು ಗೆರೆ ಒಂದೇ, ಗೆರೆಯ ಕೆಳಗೆ ಕನ್ನಡದಲ್ಲಿ ಅಚ್ಚಾದ 'ನಶ್ಯ' ಎಂಬ ಎರಡಕ್ಷರವೂ ಒಂದೇ.